ಎರಡು ಬ್ರೇಕಿನ ಕಾರು

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಗುಂಡ್ಲುಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನಂತೂ ಒಪ್ಪುವುದಿಲ್ಲ. ಕೆಟ್ಟಿದ್ದರೆ ಅವರೇ ಬಿಚ್ಚಿ ರಿಪೇರಿ ಮಾಡಿಕೊಳ್ಳುತ್ತಿರಲಿಲ್ಲವೇ!

ಮಾವ ಊಟಿ ಕಡೆಯ ಟೀ ತೋಟವೊಂದರಲ್ಲಿ ಡ್ರೈವರಾಗಿದ್ದರು. ತೋಟದ ಮಾಲೀಕರು ದೇಶ ಬಿಟ್ಟು ಹೋಗುವಾಗ ತಮ್ಮ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರನ್ನು ಇವರಿಗೆ ಕೊಟ್ಟು ಹೋದರು. ಒಂದು ಅರಿಶಿನದ ಮೂಟೆಯೂ ಹಿಡಿಸದ ಕಾರಿನಿಂದ ನಮ್ಮೂರಿಗೆ ಏನುಪಯೋಗ ಹೇಳಿ? ಮಾವ ಅದರಲ್ಲಿ ಅತ್ತೆಯನ್ನು ಕೂರಿಸಿಕೊಂಡು ಅವರ ತವರು ಭೀಮನಬೀಡಿಗೆ ಹಾರಿಸಿಕೊಂಡು ಹೋಗುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ, ಬಲಗಾಲನ್ನು ನೆಲಕ್ಕೊತ್ತಿ, "ಮೆಲ್ಲುಕ್ಕೋಗೀ!" ಎಂದು ಕೂಗುತ್ತಿದ್ದರು. ಒತ್ತಿ ಒತ್ತಿ ಅವರ ಕಡೆಯ ಮ್ಯಾಟೇ ತೂತಾಗಿತ್ತು.

"ನನ್ ಗಾಡೀಗೆ ಎರಡು ಬ್ರೇಕು ಕಣ್ಲಾ," ಎನ್ನುತ್ತಿದ್ದರು ಮಾವ. "ಒಂದು ನನ್ ಕಾಲಡೀಲಿ, ಇನ್ನೊಂದು ನಿಮ್ಮತ್ತೆ ಕಾಲಡೀಲಿ. ಅವ್ಳದ್ದೇ ಬಿಗಿ!"

ಆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಅಂದು ಶೆಡ್ಡು ಸೇರಿದ ಕಾರು ಐದು ವರ್ಷ ಹೊರಗೆ ಬರಲಿಲ್ಲ.

ಊರಿಗೆ ಮೊಬೈಲು ಬಂದ ಹೊಸದರಲ್ಲಿ ಒಬ್ಬ ಡಾಕ್ಟರು, ಅತ್ತೆಗೆ ಹಳೆಯ ಅಭ್ಯಾಸಗಳನ್ನೆಲ್ಲ ಮಾಡಿಸುತ್ತಿರಿ ಎಂದರಂತೆ. ಬೇರೆಯವರಾಗಿದ್ದರೆ ಹೂ ಕಟ್ಟಿಸುತ್ತಿದ್ದರು. ಮಾವ ಸೀದಾ ಶೆಡ್ಡಿಗೆ ಹೋಗಿ ಬಾನೆಟ್ ಎತ್ತಿದರು! ಚಾಮರಾಜನಗರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಫೋನು ಬಂತು.

"ಗಾಡಿ ಜೋರಾಗಿ ಓಡುದ್ರೆ ಅವ್ಳು ಬ್ರೇಕ್ ಒತ್ಲೇಬೇಕಲ್ಲಾ? ಕಾಲು ತಾನಾಗೇ ಆಡ್ತದೆ. ಬಾರ್ಲಾ ಬೇಗ!"

ಭಾನುವಾರ ಹೋದೆ. ಎಂಜಿನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಬಲವಂತ ಮಾಡಿದರೆ ಮುರಿಯುತ್ತದೆ. ಪ್ಲಗ್ಗು ಬಿಚ್ಚಿ, ಆ ತೂತುಗಳಿಗೆ ಎಣ್ಣೆ ಬಿಟ್ಟು ನೆನೆಸಬೇಕು. ಮಾವ ಬಿಟ್ಟ ಎಣ್ಣೆ ಯಾವುದು ಗೊತ್ತೇ? ಅತ್ತೆಯ ಕಾಲಿಗೆಂದು ಕೇರಳದ ವೈದ್ಯರು ಕೊಟ್ಟಿದ್ದ ತೈಲ!

"ಮಾವ, ಅದು ಮನುಷ್ಯರಿಗೆ!"

"ಕೀಲು ಅಂದ್ಮೇಲೆ ಎಲ್ಲಾ ಕೀಲೇ. ಸುಮ್ಕಿರ್ಲಾ."

ದಿನಾ ಬೆಳಿಗ್ಗೆ ಅತ್ತೆಯ ಕಾಲಿಗೆ ತಿಕ್ಕಿ, ಮಡಿಸಿ ಬಿಡಿಸಿ, ಅದೇ ಎಣ್ಣೆಗೈಯಲ್ಲಿ ಶೆಡ್ಡಿಗೆ ಬಂದು ಸ್ಪ್ಯಾನರಿನಿಂದ ಎಂಜಿನ್ನನ್ನು ಅತ್ತಿತ್ತ ಅಲುಗಿಸುವುದು. ಎರಡು ಕಡೆಯೂ ಒಂದೇ ಮಾತು: "ಒಸಿ ಆಡು ನನ್ನವ್ವ, ಒಸಿ ಆಡು." ಇಪ್ಪತ್ತು ದಿನಕ್ಕೆ ಎಂಜಿನ್ ಕಾಲು ಸುತ್ತು ತಿರುಗಿತು. ಮಾವ ಕುಣಿದಾಡಿ, ಒಳಗೆ ಓಡಿ, ಅತ್ತೆಯ ಪಾದ ಮುಟ್ಟಿ ನೋಡಿದರು. ಅದು ಆಡಲಿಲ್ಲ. ಅಂದು ಮಧ್ಯಾಹ್ನ ಮಾವ ಊಟ ಮಾಡಲಿಲ್ಲ.

ಆಮೇಲೆ ಕಾರ್ಬುರೇಟರ್ ತೊಳೆಸಲು ಅತ್ತೆಯ ಹಳೇ ಸೀರೆಯಲ್ಲಿ ಸುತ್ತಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆವು. ಮಾವನ ತೊಡೆಯ ಮೇಲಿನ ಗಂಟನ್ನು ಕಂಡಕ್ಟರು ಇಣುಕಿ ನೋಡಿದ.

"ಮಗುವಾ ಯಜಮಾನ್ರೇ?"

"ಕಾರು."

"ಮಿಕ್ಕಿದ್ದು?"

"ಮನೇಲ್ ಮಲ್ಗ್ಯದೆ."

ಹೊಸ ಬ್ಯಾಟರಿ, ಹೊಸ ಪೆಟ್ರೋಲು ಬಿದ್ದ ದಿನ ಕಾರು ಕೆಮ್ಮಿತು, ಸೀನಿತು, ಕೊನೆಗೆ ಗುಡುಗಿತು. ತೈಲದ ಹೊಗೆ ಬೀದಿ ತುಂಬಿತು. ಎದುರು ಮನೆಯ ಅಜ್ಜಿ ತಮ್ಮ ಮಂಡಿನೋವು ಹೋಯಿತು ಎಂದರು! ಅತ್ತೆಯನ್ನು ಎತ್ತಿ ಕೂರಿಸಿದೆವು. ಮಾವ ಬಗ್ಗಿ, ಅವರ ಬಲಪಾದವನ್ನು ಮ್ಯಾಟಿನ ಆ ತೂತಿನ ಮೇಲೆಯೇ ಇಟ್ಟರು. ಮೂರನೆಯ ಸೀಟಿಲ್ಲದ್ದರಿಂದ ನಾನು ಮನೆ ಬಾಗಿಲಲ್ಲೇ ನಿಂತೆ. ಕಾರು ಭೀಮನಬೀಡಿನ ಕಡೆಗೆ ಬಾಣದಂತೆ ಹೋಯಿತು.

ವಾಪಸು ಬರುವಾಗ ಸೈಕಲ್ಲಿನವರು ಅದನ್ನು ಹಿಂದೆ ಹಾಕುತ್ತಿದ್ದರು.

"ಯಾಕ್ ಮಾವ, ಗಾಡಿ ಎಳೀತಿಲ್ವಾ?" ಎಂದೆ.

"ಗಾಡಿ ಚೆನ್ನಾಗೇ ಎಳೀತದೆ."

ಅತ್ತೆಯ ಪಾದ ಮಾವ ಇಟ್ಟಲ್ಲೇ, ಇಟ್ಟ ಹಾಗೆಯೇ ಇತ್ತು. ನನಗೆ ಅಳು ಬಂತು. ಮಾವ ಎಂಜಿನ್ ನಿಲ್ಲಿಸಿ, ಅತ್ತೆಯ ಮುಖದ ಮೇಲೆ ಬಿದ್ದಿದ್ದ ಕೂದಲನ್ನು ಎಣ್ಣೆಗೈಯಲ್ಲೇ ಸರಿಸಿದರು.

"ಒಂದು ಬ್ರೇಕ್ ಓಗ್ಬುಟ್ಟದೆ ಕಣ್ಲಾ," ಎಂದರು. "ಇನ್ಮೇಲೆ ಮೆಲ್ಲುಕ್ಕೇ ಓಗ್ಬೇಕು."