ತನ್ನ ಮನೆಯನ್ನು ತನಗೇ ಮಾರಿಕೊಂಡ ಗೌಂಡಿಗೆ ತೆರಿಗೆ ವಾಪಸು ಕೊಡುವ ಬಗ್ಗೆ

ಸಂಖ್ಯೆ: ತವವಿ/ಸ್ವಂ.ಮನೆ/ವಾಪಸು/೦೦೧(ಅ), ತಿದ್ದುಪಡಿಯ ತಿದ್ದುಪಡಿ

ವಿಷಯ: ಮುಂಬಯಿಯ ಕಾಂದಿವಲಿಯ ಗೌಂಡಿ ಶ್ರೀ ಬಂಡೆಪ್ಪ ತಾವೇ ಕಟ್ಟಿಕೊಂಡ ಮನೆಯ ಮೇಲೆ ತಪ್ಪಾಗಿ ವಸೂಲಾದ ಮಾರಾಟ ತೆರಿಗೆ.

ಉಲ್ಲೇಖ: ಅರ್ಜಿದಾರರ ಹನ್ನೊಂದು ಅರ್ಜಿಗಳು (ಒಂಬತ್ತು ಕಾಣೆಯಾಗಿವೆ).

ಅರ್ಜಿದಾರರು ನಮೂನೆಯಲ್ಲಿ ‘ಕಟ್ಟಿದವರು’ ಎಂಬಲ್ಲಿಯೂ ‘ಮನೆ ಪಡೆದವರು’ ಎಂಬಲ್ಲಿಯೂ ತಮ್ಮ ಹೆಸರನ್ನೇ ಬರೆದದ್ದರಿಂದ, ಮನೆಯನ್ನು ತಮಗೇ ಮಾರಿಕೊಂಡರೆಂದು ಭಾವಿಸಿ ತೆರಿಗೆ ವಿಧಿಸಲಾಗಿತ್ತು. ಇದು ತಪ್ಪೆಂದು ಇಲಾಖೆ ಒಪ್ಪಿದೆ. ಹಣ ಹಿಂದಿರುಗಿಸಲು ಕೆಳಗಿನ ನಿಯಮಗಳನ್ನು ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೧. ಮಾರಿದ ಬಂಡೆಪ್ಪ ಬಾಂದ್ರಾ ಕಚೇರಿಯಲ್ಲೂ, ಕೊಂಡ ಬಂಡೆಪ್ಪ ವಿಲೆ ಪಾರ್ಲೆ ಕಚೇರಿಯಲ್ಲೂ ಒಂದೇ ದಿನ ಹನ್ನೊಂದು ಗಂಟೆಗೆ ಹಾಜರಾಗತಕ್ಕದ್ದು. ಲೋಕಲ್ ರೈಲು ತಡವಾಯಿತೆಂಬ ಸಬೂಬನ್ನು ಇಬ್ಬರಲ್ಲಿ ಒಬ್ಬರು ಮಾತ್ರ ಹೇಳಬಹುದು.

೨. ಇವರ ನಡುವೆ ಚೌಕಾಸಿ ನಡೆದಿಲ್ಲವೆಂದು ಇಬ್ಬರು ಸಾಕ್ಷಿಗಳು ಸಹಿ ಹಾಕತಕ್ಕದ್ದು. ಸಾಕ್ಷಿಗಳು ಬಂಡೆಪ್ಪ ಆಗಿರಕೂಡದು.

೩. ಛಾವಣಿಯಿಲ್ಲದ ಕಟ್ಟಡ ಮನೆಯೆನಿಸದು. ತಗಡು ಹೊದಿಸಿದ ಬಳಿಕವೇ ಹಣ ಕೊಡಲಾಗುವುದು. ಆ ಹಣ ಬಂದರಷ್ಟೇ ತಗಡು ಕೊಳ್ಳಲು ಸಾಧ್ಯವೆಂಬ ಅರ್ಜಿದಾರರ ವಾದವನ್ನು ಸಹಾನುಭೂತಿಯಿಂದ ಓದಿ ಕಡತದಲ್ಲಿಡಲಾಗಿದೆ.

೪. ಅರ್ಜಿದಾರರ ಪತ್ನಿ ಶ್ರೀಮತಿ ಬಸಲಿಂಗವ್ವ ಕಚೇರಿಯ ಕಿಟಕಿಯಲ್ಲಿ ನೀಡಿದ ಹೇಳಿಕೆ: “ಸಾಹೇಬ್ರ, ಮಳಿ ಬರಾಕ ಎಂಟ ದಿನ ಐತ್ರಿ. ಅದೇನ್ ನಿಮ್ಮ ಕಾಗದಾ ಓದಿ ನಿಲ್ತೈತೇನ್ರಿ?” ಸದರಿ ಪ್ರಶ್ನೆ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

೫. ಗೋಡೆ ಕಟ್ಟಲು ನೆರವಾದ ಊರ ಕಡೆಯ ಗೌಂಡಿಗಳಿಗೆ ಕೂಲಿ ಕೊಟ್ಟ ರಸೀದಿ ಇಲ್ಲ. ‘ಮುಯ್ಯಾಳು’ ಪದ್ಧತಿಯಂತೆ ಅವರು ರೊಟ್ಟಿ ಉಂಡು ದುಡಿದಿದ್ದು, ಪ್ರತಿಯಾಗಿ ಅರ್ಜಿದಾರರು ಅವರ ಮನೆ ಕೆಲಸಕ್ಕೆ ಹೋಗಬೇಕಂತೆ. ಆ ರೊಟ್ಟಿ ಕೂಲಿಯೋ ಊಟವೋ ಎಂದು ಪರಿಶೀಲಿಸಲು ನಿರೀಕ್ಷಕ ಶ್ರೀ ಅನಿಕೇತ್ ಅವರನ್ನು ಭಾನುವಾರ ಸ್ಥಳಕ್ಕೆ ಕಳುಹಿಸಲಾಗಿತ್ತು.

೬. ನಿರೀಕ್ಷಕರ ವರದಿ: ಅಂದು ಮೇಲ್ಕಂಡ ಗೌಂಡಿಗಳಲ್ಲೊಬ್ಬರಾದ ಸಾಯಬಣ್ಣ ಮತ್ತು ಸಂಗಡಿಗರು ಮನೆಗೊಂದರಂತೆ ತಗಡು ಹೊತ್ತು ತಂದು, ಸಂಜೆಯೊಳಗೆ ಛಾವಣಿ ಹೊದಿಸಿದ್ದಾರೆ. ಕಟ್ಟಡ ಈಗ ಮನೆಯೆನಿಸಿರುವುದರಿಂದ ಹಣ ಮಂಜೂರಾಗಿದೆ. ನಿಯಮ ೧ ಮತ್ತು ೨ನ್ನು ಮುಂದಿನ ಅರ್ಜಿದಾರರಿಗಾಗಿ ಕಾಯ್ದಿರಿಸಲಾಗಿದೆ. ನಿರೀಕ್ಷಕರು ಸ್ಥಳದಲ್ಲಿ ನಾಲ್ಕು ರೊಟ್ಟಿ ಉಂಡಿರುವುದು ಸಾಬೀತಾಗಿದೆ.

ಸಹಿ/- (ಅಸ್ಪಷ್ಟ)
ಪ್ರಭಾರ ಉಪ ಅಧೀಕ್ಷಕರು
ತಪ್ಪು ವಸೂಲಿ ವಿಭಾಗ

ಪ್ರತಿಗಳು:
ಮಾರಿದ ಬಂಡೆಪ್ಪನವರಿಗೆ: ಮಾಹಿತಿಗಾಗಿ.
ಕೊಂಡ ಬಂಡೆಪ್ಪನವರಿಗೆ: ಮಾರಿದವರಿಂದ ಕೇಳಿ ತಿಳಿದುಕೊಳ್ಳಲು.
ಶ್ರೀಮತಿ ಬಸಲಿಂಗವ್ವನವರಿಗೆ: ಚೆಕ್ ಸಹಿತ.
ಶ್ರೀ ಅನಿಕೇತ್ ಅವರಿಗೆ: ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಗಾದೆಯನ್ವಯ, ಮುಂದಿನ ಭಾನುವಾರ ಬಂಡೆಪ್ಪನವರೊಂದಿಗೆ ಸಾಯಬಣ್ಣನವರ ಮನೆಗೆ ಇಟ್ಟಿಗೆ ಹೊರಲು ಹಾಜರಾಗತಕ್ಕದ್ದು. ಪ್ರಯಾಣ ಭತ್ಯೆ ಇರುವುದಿಲ್ಲ.