ಇಸ್ತ್ರಿ ಮಾಡಿದ ಕೈ, ಏಸಿ ಹಾಕಿದ ಕಾರು

"ನಾನು ಹತ್ತಲ್ಲ ಅಂದ್ರೆ ಹತ್ತಲ್ಲ!"

ಕೇಕಿನ ತಟ್ಟೆ ಹಿಡಿದು ಎರ್ಸಿಲಿಯಾ ಕಾರಿನ ಪಕ್ಕ ಗಟ್ಟಿಯಾಗಿ ನಿಂತಳು. ನಾಲ್ಕು ಗಂಟೆಗೆ ತಂಗಿ ಮಗಳ ಹದಿನೈದನೇ ಹುಟ್ಟುಹಬ್ಬ. ಎರಡು ದಿನ ಸೊಂಟ ಮುರಿದುಕೊಂಡು ಮಾಡಿದ ಕೇಕು. ಸ್ಯಾನ್ ಪೆದ್ರೊ ಊರಿನ ಬಿಸಿಲಿಗೆ ಅದರ ಮೇಲಿನ ಬಿಳಿ ನೊರೆ ಆಗಲೇ ಜಾರತೊಡಗಿತ್ತು. ಒಳಗೆ ಗಂಡ ಮಿಲ್ಸಿಯಾದೆಸ್ ಬನಿಯನ್ನಿನಲ್ಲೇ ಕೂತು, ಏಸಿಯನ್ನು ಕೊನೆಯ ನಂಬರಿಗೆ ತಿರುಗಿಸಿ, ಕಿಟಕಿಯ ಗಾಜನ್ನು ಎರಡು ಬೆರಳಷ್ಟೇ ಇಳಿಸಿ ಮಾತಾಡುತ್ತಿದ್ದ.

"ಏನಾಯ್ತೇ ನಿನಗೆ?"

"ಈಗ ತಾನೆ ಇಸ್ತ್ರಿ ಮಾಡಿದೀನಿ ಕಣ್ರೀ! ಬಿಸಿ ಮೈಗೆ ಏಸಿ ಗಾಳಿ ಬಡಿದ್ರೆ ಪಾಸ್ಮೊ ಆಗುತ್ತೆ, ನರ ಸೆಟೆದುಕೊಳ್ಳುತ್ತೆ. ಬಾಯಿ ಸೊಟ್ಟಗಾದ್ರೆ?"

"ಆಗ್ಲಿ ಬಿಡು, ಬೀದಿಗೇ ನೆಮ್ಮದಿ. ಅದೆಲ್ಲ ಮುದುಕೀರು ಕಟ್ಟಿದ ಕತೆ."

"ಹೋಗ್ಲಿ, ಕಿಟಕಿ ಪೂರ್ತಿ ಇಳಿಸ್ರೀ. ಬೆಳಗಿಂದ ಬಿಸಿಲಲ್ಲಿ ನಿಂತ ಕಾರು, ಒಳಗೆ ಒಲೆ ಇದ್ದಂಗಿದೆ. ಮೊದ್ಲು ಬಿಸಿಗಾಳಿ ಹೊರಗೆ ಹೋಗ್ಲಿ, ಆಮೇಲೆ ಏಸಿ ಹಾಕಿ ಅಂತ ಮೆಕ್ಯಾನಿಕ್ ಹೇಳಿರ್ಲಿಲ್ವಾ?"

"ಇಳಿಸೋದಾ? ಎದುರುಗಡೆ ಡಾಮಿನೊ ಆಡೋರೆಲ್ಲ ಇತ್ಲಾಗೇ ನೋಡ್ತಿದಾರೆ. ಏಸಿ ಕೆಟ್ಟಿದೆ ಅಂದ್ಕೊಳ್ಳಲ್ವಾ?"

"ಅವರು ನೋಡ್ಲಿ ಅಂತ ನೀವು ಒಳಗೆ ಬೇಯ್ತಿದೀರಾ?"

"ಇನ್ನೈದು ನಿಮಿಷ, ತಣ್ಣಗಾಗುತ್ತೆ."

"ಯಾವುದು? ಕಾರಾ, ನೀವಾ?"

ಅವನ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಎರ್ಸಿಲಿಯಾಗೆ ಅಯ್ಯೋ ಅನ್ನಿಸಲಿಲ್ಲ. ಕೇಕು ನೋಡಿದರೆ ಮಾತ್ರ ಹೊಟ್ಟೆ ಉರಿಯಿತು.

"ಕೇಕು ಕರಗ್ತಿದೆ ಕಣೇ, ಹತ್ತು!"

"ಪಾಸ್ಮೊ ಗೀಸ್ಮೊ ಎಲ್ಲ ಸುಳ್ಳು ತಾನೆ?"

"ಶುದ್ಧ ಸುಳ್ಳು!"

"ಹಾಗಾದ್ರೆ ಇಳೀರಿ. ನಿಮ್ಮ ಅಂಗಿದು ಒಂದು ತೋಳು ಉಳಿದಿದೆ. ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ ಇದೆ. ತೋಳು ಮುಗಿಸಿ ಬಂದು ಏಸೀಲಿ ಕೂತ್ಕೊಳ್ಳಿ. ನಿಮ್ಮ ಹಿಂದೆನೇ ನಾನೂ ಹತ್ತೀನಿ."

ಮಿಲ್ಸಿಯಾದೆಸ್ ಮನೆ ಬಾಗಿಲ ಕಡೆ ನೋಡಿದ. ಮುಖಕ್ಕೆ ಬಡಿಯುತ್ತಿದ್ದ ಏಸಿ ಗಾಳಿಯನ್ನು ನೋಡುವವನಂತೆ ಮುಂದೆ ನೋಡಿದ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ನನಗೇನು ತಲೆ ಕೆಟ್ಟಿದೆಯಾ? ಕಾರು ಓಡಿಸೋನು ನಾನು!"

ಏಸಿ ಆರಿಸಿದ. ನಾಲ್ಕೂ ಕಿಟಕಿ ಇಳಿಸಿದ. ಮನೆಯೊಳಗೆ ಹೋಗಿ, ಒಂದು ತೋಳು ಮುದುರಿದ್ದ ಅಂಗಿಯನ್ನೇ ತೊಟ್ಟುಕೊಂಡು ಬಂದ.

"ಬಾ ಇನ್ನು. ನಿನಗೋಸ್ಕರ ಆರಿಸಿದೀನಿ."

ಎರ್ಸಿಲಿಯಾ ಕೇಕನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಸೇತುವೆ ದಾಟೋ ಹೊತ್ತಿಗೆ ಬಿಸಿಗಾಳಿನೂ ಹೋಗಿರುತ್ತೆ, ನನ್ನ ಮೈನೂ ಆರಿರುತ್ತೆ. ಆಗ ಕಿಟಕಿ ಮುಚ್ಚಿ, ಒಂದನೇ ನಂಬರಿಗೆ ಹಾಕಿ, ಗಾಳಿ ಕೇಕಿಗೆ ಮಾತ್ರ ತಿರುಗ್ಸಿ. ಮತ್ತೆ ರೀ... ಇಸ್ತ್ರಿ ಮಾಡಿದ್ದು ನಾನು, ಪಾಸ್ಮೊಗೆ ಹೆದರ್ತಿರೋದು ನೀವ್ಯಾಕೆ?"