ಎರಡು ದೇಶ, ಒಂದು ಹೆಬ್ಬೆಟ್ಟು

ಎರಡು ಸರ್ಕಾರಗಳು ಕೈ ಕುಲುಕಿದಾಗಲೆಲ್ಲ ನಡುವೆ ಯಾರದೋ ಬೆರಳು ಸಿಕ್ಕಿಕೊಳ್ಳುತ್ತದೆ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಗ ಇದನ್ನು ಹತ್ತಿರದಿಂದ ನೋಡಿದೆ. ಹೆಬ್ಬೆಟ್ಟು ಒತ್ತಿದರೆ ರೇಷನ್ ಕೊಡುವ ಸುರಕ್ಷಿತ ವ್ಯವಸ್ಥೆಗೆಂದು ನಮ್ಮ ಸರ್ಕಾರ ಒಂದು ವಿದೇಶಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಸಾಫ್ಟ್‌ವೇರ್ ನಮ್ಮದು. ಪ್ರಯೋಗ ರಾಜಗೋಪಾಲನಗರದ ಒಂದು ಸೇವಾ ಕೇಂದ್ರದಲ್ಲಿ.

೧. ಗುಟ್ಟು

ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂದು ವಿದೇಶಿ ತಜ್ಞ ಅರ್ಧ ದಿನ ಪಾಠ ಮಾಡಿದ. ಸೇವಾ ಕೇಂದ್ರದ ಅಧಿಕಾರಿ ಎಲ್ಲದಕ್ಕೂ ತಲೆಯಾಡಿಸಿದರು. ಮರುದಿನ ಹೋದರೆ ಪಾಸ್‌ವರ್ಡ್ ಗೋಡೆಯ ಮೇಲಿದೆ.

"ಏನ್ ಸಾರ್ ಇದು?"

"ಯಾರಿಗೂ ಹೇಳಿಲ್ಲ ಕಣ್ರೀ. ಬೇಕಾದವ್ರು ಓದ್ಕೋತಾರೆ."

೨. ಪೂಜೆ

ಆಯುಧಪೂಜೆಗೆ ಕಂಪ್ಯೂಟರಿಗೆ ಹಾರ ಬಿತ್ತು, ಬೆರಳಚ್ಚಿನ ಯಂತ್ರದ ಗಾಜಿಗೆ ಅರಿಶಿನ ಕುಂಕುಮ. ಮರುದಿನ ಅದು ಯಾರ ಬೆರಳನ್ನೂ ಒಪ್ಪಲಿಲ್ಲ. ಒರೆಸಿ ಎಂದೆ. "ದೇವ್ರ ಕುಂಕುಮ, ನಾನ್ ಮುಟ್ಟಲ್ಲ" ಎಂದರು ಅಧಿಕಾರಿ. ಆ ದಿನದ ವರದಿಯಲ್ಲಿ ಅವರು ಬರೆಸಿದ್ದು: ಒಬ್ಬ ವಂಚಕನೂ ಒಳನುಸುಳಲಿಲ್ಲ. ವಿದೇಶದಿಂದ ಅಭಿನಂದನೆ ಬಂತು.

೩. ಅಜ್ಜಿ

ಕುಂಕುಮ ನಾನೇ ಒರೆಸಿದೆ. ಆಮೇಲೂ ಯಂತ್ರ ಒಪ್ಪದ ಬೆರಳೊಂದಿತ್ತು. ಪೀಣ್ಯದಲ್ಲಿ ಸ್ಟೀಲಿಗೆ ಪಾಲಿಶ್ ಹಾಕಿ ಹಾಕಿ ಗೆರೆಗಳೆಲ್ಲ ಸವೆದ ಒಬ್ಬ ಅಜ್ಜಿಯದು. ಹಿಂದೆ ಮುಂದೆ ಯಾರಿಲ್ಲ. ರೇಷನ್ ಅಕ್ಕಿ ಬಂದರೇ ಒಲೆ ಹೊತ್ತುವುದು.

ಅಷ್ಟರಲ್ಲಿ ವಿದೇಶಿ ನಿಯೋಗ ಬರುವುದೆಂದಾಯಿತು. ಫೋಟೋಗೆ ಬಡ ಮುದುಕಿ ಬೇಕು. ಅಧಿಕಾರಿ ಹಿಂದಿನ ದಿನವೇ ಅಜ್ಜಿಯ ಹೆಸರಿಗೆ ತಮ್ಮ ಹೆಬ್ಬೆಟ್ಟನ್ನು ದಾಖಲಿಸಿಬಿಟ್ಟರು. ನಿಯೋಗದ ಮುಂದೆ ಅಜ್ಜಿಯ ಕೈ ಹಿಡಿದು ನೆರವಾಗುವವರಂತೆ ತಮ್ಮ ಬೆರಳನ್ನೇ ಒತ್ತಿದರು. ಹಸಿರು ದೀಪ. ಚಪ್ಪಾಳೆ. ಅಜ್ಜಿಯ ಚೀಲಕ್ಕೆ ಅಕ್ಕಿ.

"ಇನ್ನು ಅದನ್ನ ತೆಗೀಬೇಕಲ್ವಾ ಸಾರ್?" ಎಂದೆ.

"ಒಂದ್ಸಲ ದಾಖಲಾದ್ರೆ ಯಾರೂ ಬದಲಾಯಿಸೋಕಾಗಲ್ಲ ಕಣ್ರೀ. ಅದೇ ಸುರಕ್ಷತೆ. ಸಾಫ್ಟ್‌ವೇರ್ ಹಾಗೆ ಮಾಡಿದ್ದು ನೀವೇ ತಾನೇ? ಬಿಡಿ, ತಿಂಗಳಾ ತಿಂಗಳಾ ನಾನೇ ಒತ್ತುತೀನಿ."

ಮುಂದಿನ ತಿಂಗಳು ಹೋದಾಗ ಅಜ್ಜಿ ಖಾಲಿ ಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಪ್ರಯೋಗ ಯಶಸ್ವಿಯಾಯಿತೆಂದು ಅಧಿಕಾರಿಯನ್ನು ಆರು ತಿಂಗಳ ತರಬೇತಿಗೆ ಆ ದೇಶವೇ ಕರೆಸಿಕೊಂಡಿತ್ತು.

"ಅಕ್ಕಿ ಸಿಕ್ತಾ ಅಜ್ಜಿ?"

"ಎಲ್ಲಿ ಸಾಮಿ? ನನ್ ಎಬ್ಬೆಟ್ಟು ಇಮಾನ ಅತ್ಕಂಡು ಫಾರಿನ್ನಿಗೆ ಓಗೈತೆ. ಅಲ್ಲಿ ಊಟಗೀಟ ಚೆನ್ನಾಗೇ ಆಯ್ತಿರ್ಬೇಕು. ಓಗೋವಾಗ ಒಟ್ಟೆ ಒಂದ್ನ ಇಲ್ಲೇ ಬುಟ್ಟೋಗೈತೆ."